"ಒಡೆಯಲ್ವಾ?" ಅಂತ ಕೇಳುವ ಎಲ್ಲರಿಗೂ

ಸಾಗರದ ನಮ್ಮ ಮನೆಯ ಅಡುಗೆ ಕಟ್ಟೆಗೆ ಗಾಜು ಹಾಕಿದ್ದೇವೆ. ಗಾಜಿನ ಅಡಿಗೆ ನಾನೇ ಬಣ್ಣ ಹಚ್ಚಿದ್ದೇನೆ. ಬಂದವರೆಲ್ಲ ಕೇಳುವುದು ಒಂದೇ, "ಒಡೆಯಲ್ವಾ?" ಚಪ್ಪಲಿ ಬಿಟ್ಟು ಒಳಗೆ ಬಂದ ತಕ್ಷಣ ಶುರು. ಇನ್ನು ಬಾಯಲ್ಲಿ ಹೇಳುವುದಿಲ್ಲ, ಇದನ್ನೇ ಓದಿಕೊಳ್ಳಿ.

ಒಡೆಯಬಹುದು. ಗ್ರಾನೈಟೂ ಬಿರುಕು ಬಿಡುತ್ತದೆ, ಅದನ್ನು ಯಾರೂ ಕೇಳಲ್ಲ. ಇದು ಕಿಟಕಿ ಗಾಜಲ್ಲ, ಟಫನ್ಡ್ ಗ್ಲಾಸ್. 600 ಡಿಗ್ರಿಗೂ ಜಾಸ್ತಿ ಕಾಯಿಸಿ, ಕೂಡಲೇ ಜೋರಾಗಿ ಗಾಳಿ ಹೊಡೆದು ಆರಿಸಿದ್ದು. ಅಷ್ಟೇ ದಪ್ಪದ ಮಾಮೂಲಿ ಗಾಜಿಗಿಂತ ಸುಮಾರು 4 ಪಟ್ಟು ಗಟ್ಟಿ. ಅಡಿಯಲ್ಲಿ ಹಳೆಯ ಕಡಪ ಕಲ್ಲು ಹಾಗೇ ಇದೆ. ನಾಜೂಕು ಅಂದರೆ ಅಂಚು ಮಾತ್ರ. ಅಲ್ಲಿಗೆ ಗುಂಡುಕಲ್ಲು ತಾಗಿಸಿದರೆ ಇಡೀ ಗಾಜು ಪುಡಿಪುಡಿ. ತಾಗಿಸಬೇಡಿ, ಅಷ್ಟೇ.

ಕೇಳಿದರೆ ಕೇಳಲಿ. ಕೇಳುತ್ತಾ ಬೆರಳ ಗಿಣ್ಣಿನಿಂದ ಕುಟ್ಟುತ್ತಾರಲ್ಲ, ಅದನ್ನು ನೋಡಲಿಕ್ಕಾಗಲ್ಲ. ಗೌರಿ ಹಬ್ಬಕ್ಕೆ ಬಂದ ಭಾವ ಸುಲಿದ ಕಾಯಿಯನ್ನೇ ಎತ್ತಿ ಹಿಡಿದು, "ಇಲ್ಲೇ ಒಡೆದು ನೋಡ್ಲಾ?" ಅಂದರು. "ನಿಮ್ಮನೆ ಟಿವಿ ಮೇಲೆ ಒಡೀತೀರಾ ಭಾವ?" ಅಂದೆ. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಊಟ ಮುಗಿಯುವವರೆಗೂ ಭಾವನ ಮಾತಿಲ್ಲ. ಪಾಯಸ ಮಾತ್ರ ಎರಡು ಸಲ ಹಾಕಿಸಿಕೊಂಡರು.

ಬಣ್ಣ ಹೇಗೆ ನಿಂತಿದೆ ಅಂತ ಒಬ್ಬರಾದರೂ ಕೇಳಬಾರದಾ? ಕೆಲಸ ಇರುವುದೇ ಅಲ್ಲಿ. ಗಾಜು ಬಣ್ಣವನ್ನು ಹೀರುವುದಿಲ್ಲ. ಸುಮ್ನೆ ಎನಾಮಲ್ ಬಳಿದರೆ ನಮ್ಮ ಮಳೆಗಾಲದ ತೇವಕ್ಕೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಅದಕ್ಕೇ ಮಾರ್ಚ್ ಬಿಸಿಲಿನಲ್ಲಿ ಹಚ್ಚಿದ್ದು. ಕತ್ತರಿಸುವುದು, ನಲ್ಲಿಗೆ ತೂತು ಕೊರೆಸುವುದು ಎಲ್ಲ ಟಫನಿಂಗ್‌ಗೆ ಮೊದಲೇ ಆಗಬೇಕು. ಬಣ್ಣ ಆಮೇಲೆ. ಸ್ಪಿರಿಟ್ ಹಾಕಿ ಒರೆಸಿ, ಮತ್ತೆ ಬೆರಳು ಸೋಕಿಸದೆ ಗಾಜಿಗೇ ಇರುವ ಬಣ್ಣವಿಲ್ಲದ ಪ್ರೈಮರ್. ಅದರ ಮೇಲೆ ಗಟ್ಟಿಯಾಗಲು ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಪೇಂಟ್, ತೆಳ್ಳಗೆ.

ಇಲ್ಲಿ ಎಲ್ಲ ಉಲ್ಟಾ. ಗೋಡೆಗಾದರೆ ಕೊನೆಯ ಕೋಟು ಕಾಣುತ್ತದೆ, ಗಾಜಿಗೆ ಮೊದಲನೆಯದು. ಅದರಲ್ಲಿ ಒಂದು ಇರುವೆ ಸಿಕ್ಕಿಕೊಂಡರೆ ಮೇಲಿನಿಂದ ಅದರ ಕಾಲು ಎಣಿಸಬಹುದು. ಹಿಂದಿನಿಂದ ಎಷ್ಟು ಬಳಿದರೂ ಮುಚ್ಚಲ್ಲ. ಒಣಗಿದ ಮೇಲೆ ಹಿಂಬದಿಗೆ ಬಲ್ಬ್ ಹಿಡಿದರೆ ತೆಳುವಾದ ಜಾಗವೆಲ್ಲ ಬೆಳಕು ಬಿಡುತ್ತದೆ. ಅಲ್ಲಿಗೆ ಇನ್ನೊಂದು ಕೋಟು.

ಬಿಳಿ ಯಾಕೆ ಹಾಕಲಿಲ್ಲ? ಇದನ್ನೂ ಯಾರೂ ಕೇಳಿಲ್ಲ, ನಾನೇ ಹೇಳುತ್ತೇನೆ. ಮಾಮೂಲಿ ಗಾಜಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ದಪ್ಪ ಹೆಚ್ಚಿದಷ್ಟೂ ಹಸಿರು ಜಾಸ್ತಿ. ಬಿಳಿ ಹಚ್ಚಿದರೆ ಪಾಚಿ ಕಟ್ಟಿದಂತೆ ಕಾಣುತ್ತದೆ, ಮಲೆನಾಡಿನಲ್ಲಿ ಪಾಚಿಯನ್ನು ದುಡ್ಡು ಕೊಟ್ಟು ತರಬೇಕಾ? ಎಕ್ಸ್‌ಟ್ರಾ ಕ್ಲಿಯರ್ ಗಾಜಿನಲ್ಲಿ ಕಬ್ಬಿಣ ಕಡಿಮೆ, ಆ ತೊಂದರೆಯೂ ಕಡಿಮೆ, ರೇಟು ಜಾಸ್ತಿ. ನಾನು ಕಡುಹಸಿರನ್ನೇ ಹಾಕಿದೆ. ಗಾಜಿನ ಹಸಿರು ಅದರಲ್ಲಿ ಸೇರಿಹೋಯಿತು.

ಕಲ್ಲಿಗೆ ಅಂಟಿಸಲು ವಿನೆಗರ್ ವಾಸನೆ ಹೊಡೆಯುವ ಸಿಲಿಕಾನ್ ಅಂಟು ಬೇಡ, ಬಣ್ಣವನ್ನು ಹಾಳು ಮಾಡುತ್ತದೆ. ಅಂಗಡಿಯಲ್ಲಿ ನ್ಯೂಟ್ರಲ್ ಅಂತಲೇ ಕೇಳಿ. ಸಿಂಕಿನ ಪಕ್ಕದ ಅಂಚಿಗೂ ಅದನ್ನೇ ಎಳೆಯಿರಿ, ಇಲ್ಲದಿದ್ದರೆ ನೀರು ಅಡಿಗೆ ನುಸುಳುತ್ತದೆ.

ಬಿಸಿ ಕುಕ್ಕರ್ ಇಡಬಹುದಾ ಅಂದರೆ, ಗಾಜು ತಡೆಯುತ್ತದೆ. ಅಡಿಯ ಬಣ್ಣದ ಬಗ್ಗೆ ನನಗೆ ಅಷ್ಟು ಧೈರ್ಯ ಇಲ್ಲ. ಮೊಳೆಗೆ ಸಿಂಬೆ ನೇತುಹಾಕಿದ್ದೇನೆ, ತಗೊಂಡು ಅದರ ಮೇಲೆ ಇಳಿಸಿ.