ರಕ್ತ ಕಡಿಮೆ ಇದ್ದರೂ ಕಬ್ಬಿಣದ ಮಾತ್ರೆ ಏಕೆ ಬೇಡ?

"ರಕ್ತ ಕಡಿಮೆ ಇದೆ ಎನ್ನುತ್ತೀರಿ. ಕಬ್ಬಿಣದ ಮಾತ್ರೆ ಮಾತ್ರ ಬೇಡ ಎನ್ನುತ್ತೀರಿ. ಇದು ಹೇಗೆ?" ಬಂಧುಗಳು, ಸಹೋದ್ಯೋಗಿಗಳು, ಔಷಧಿ ಅಂಗಡಿಯವರು ಎಲ್ಲರೂ ನನ್ನನ್ನು ಇದನ್ನೇ ಕೇಳುತ್ತಾರೆ. ಬಿಳಿಚಿಕೊಂಡ ಮುಖ, ತುಸು ಹಳದಿಗಟ್ಟಿದ ಕಣ್ಣು ಕಂಡವರಿಗೆ ಸುಮ್ಮನಿರಲು ಮನಸ್ಸಾಗುವುದಿಲ್ಲ. ಬೀಟ್‌ರೂಟ್ ರಸ ಕುಡಿ, ಖರ್ಜೂರ ತಿನ್ನು, ಕಬ್ಬಿಣದ ಬಾಣಲೆಯಲ್ಲಿ ನುಗ್ಗೆಸೊಪ್ಪಿನ ಪಲ್ಯ ಮಾಡಿಕೋ ಎನ್ನುತ್ತಾರೆ. ಆ ಅಕ್ಕರೆಗೆ ನಾನು ಋಣಿ. ಆದರೆ ಉತ್ತರವನ್ನು ನಿಂತ ಕಾಲಲ್ಲಿ ಹೇಳಿ ಮುಗಿಸಲಾಗುವುದಿಲ್ಲ.

ನನಗಿರುವುದು ಬೀಟಾ ಥಲಸ್ಸೇಮಿಯಾ ಇಂಟರ್‌ಮೀಡಿಯಾ ಎಂಬ, ಹೆತ್ತವರಿಂದ ಬರುವ ರಕ್ತದ ಕಾಯಿಲೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡು ಕಡೆಯಿಂದಲೂ ದೋಷವಿರುವ ಜೀನ್ ಬಂದಿದೆ. ಇದರ ತೀವ್ರ ರೂಪವಾದ ಥಲಸ್ಸೇಮಿಯಾ ಮೇಜರ್ ಇರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಲೇಬೇಕು. ನನ್ನಂಥವರು ಹಿಮೋಗ್ಲೋಬಿನ್ 8ರ ಆಸುಪಾಸಿನಲ್ಲಿದ್ದರೂ ಅಷ್ಟು ರಕ್ತವಿಲ್ಲದೆ ದಿನ ದೂಡುತ್ತೇವೆ. ದೊಡ್ಡ ಸೋಂಕು, ಶಸ್ತ್ರಚಿಕಿತ್ಸೆ ಅಥವಾ ಬಸಿರಿನ ಹೊತ್ತಿನಲ್ಲಿ ನಮಗೂ ರಕ್ತ ಬೇಕಾಗಬಹುದು.

ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣವೊಂದೇ ಸಾಲದು, ಆಲ್ಫಾ ಮತ್ತು ಬೀಟಾ ಎಂಬ ಪ್ರೋಟೀನ್ ಸರಪಳಿಗಳೂ ಸಮಸಮವಾಗಿ ಬೇಕು. ನನ್ನ ಮೈಯಲ್ಲಿ ಬೀಟಾ ಸಾಕಷ್ಟು ತಯಾರಾಗುವುದಿಲ್ಲ. ಜೋಡಿ ಸಿಗದ ಆಲ್ಫಾ ಸರಪಳಿಗಳು ಕಣದೊಳಗೇ ಗಂಟುಕಟ್ಟಿ ಅದನ್ನು ಹಾಳುಮಾಡುತ್ತವೆ. ಎಷ್ಟೋ ಕೆಂಪು ಕಣಗಳು ತಾವು ಹುಟ್ಟುವ ಎಲುಬಿನ ಮಜ್ಜೆಯಿಂದ ಹೊರಗೆ ಬರುವ ಮೊದಲೇ ಸಾಯುತ್ತವೆ. ಹಾಗಾಗಿ ಎಷ್ಟು ಕಬ್ಬಿಣ ತಂದು ಸುರಿದರೂ ನನ್ನ ರಕ್ತ ಹೆಚ್ಚುವುದಿಲ್ಲ.

ತೊಂದರೆ ಅಲ್ಲಿಗೇ ನಿಲ್ಲುವುದೂ ಇಲ್ಲ. ಕರುಳು ಎಷ್ಟು ಕಬ್ಬಿಣವನ್ನು ಒಳಗೆ ಬಿಡಬೇಕು ಎಂಬುದನ್ನು ಯಕೃತ್ತಿನಿಂದ ಬರುವ ಹೆಪ್ಸಿಡಿನ್ ಎಂಬ ಹಾರ್ಮೋನ್ ಬಾಗಿಲು ಕಾಯುವವನಂತೆ ನಿಯಂತ್ರಿಸುತ್ತದೆ. ರಕ್ತ ಸಾಲದೆ ಒದ್ದಾಡುವ ಮಜ್ಜೆ ಎರಿಥ್ರೋಫೆರೋನ್ ಎಂಬ ಇನ್ನೊಂದು ಹಾರ್ಮೋನನ್ನು ಕಳುಹಿಸಿ ಹೆಪ್ಸಿಡಿನನ್ನು ಅಡಗಿಸಿಬಿಡುತ್ತದೆ. ಈ ಎರಡನೆಯ ಹಾರ್ಮೋನ್ ಏನೆಂದು ವಿಜ್ಞಾನಿಗಳು ಪ್ರಕಟಿಸಿದ್ದು 2014ರಲ್ಲಿ. ಅಂದರೆ ಮೈಯಲ್ಲಿ ಕಬ್ಬಿಣ ತುಂಬಿದ್ದರೂ ಮಜ್ಜೆ ಇನ್ನೂ ಬೇಕೆಂದು ಕೂಗುತ್ತಲೇ ಇರುತ್ತದೆ, ಕರುಳು ಊಟದಿಂದ ಹೀರಿಕೊಳ್ಳುತ್ತಲೇ ಇರುತ್ತದೆ. ಹೆಚ್ಚಾದದ್ದನ್ನು ಹೊರಹಾಕುವ ದಾರಿ ಮನುಷ್ಯನ ದೇಹಕ್ಕೆ ಇಲ್ಲ. ಉದುರುವ ಜೀವಕೋಶಗಳ ಜೊತೆ ದಿನಕ್ಕೆ 1ರಿಂದ 2 ಮಿಲಿಗ್ರಾಂ ಹೋದರೆ ಹೋಯಿತು. ಹೀಗೆ ಒಂದು ಬಾಟಲಿ ರಕ್ತವನ್ನೂ ಪಡೆಯದವರಲ್ಲಿ ಕೂಡ ವರ್ಷಗಳು ಕಳೆದಂತೆ ಕಬ್ಬಿಣ ಕೂಡಿಕೊಳ್ಳುತ್ತದೆ. ರಕ್ತ ಪಡೆದರೆ ಪ್ರತಿ ಯೂನಿಟ್ಟಿನೊಂದಿಗೆ ಇನ್ನೂ 200ರಿಂದ 250 ಮಿಲಿಗ್ರಾಂ ಸೇರುತ್ತದೆ. ನನ್ನಂಥವರಲ್ಲಿ ಮೊದಲ ಪೆಟ್ಟು ಬೀಳುವುದು ಯಕೃತ್ತಿಗೆ. ಪದೇ ಪದೇ ರಕ್ತ ಪಡೆಯುವವರಲ್ಲಿ ಹೃದಯ, ಥೈರಾಯ್ಡ್, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಗಳೂ ಕೆಡುತ್ತವೆ.

"ಹಾಗಾದರೆ ಒಂದಿಷ್ಟು ರಕ್ತ ತೆಗೆಸಿದರೆ ಕಬ್ಬಿಣ ಇಳಿಯುವುದಿಲ್ಲವೇ?" ಎಂದು ಓದಿಕೊಂಡವರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಉತ್ತರ ಯೂರೋಪಿನ ಮೂಲದವರಲ್ಲಿ ಹೆಚ್ಚಾಗಿ ಕಾಣುವ ಹಿಮೊಕ್ರೊಮಟೋಸಿಸ್ ಎಂಬ ಕಾಯಿಲೆಗೆ ಅದೇ ಚಿಕಿತ್ಸೆ. ಅವರ ಹಿಮೋಗ್ಲೋಬಿನ್ ಚೆನ್ನಾಗಿರುತ್ತದೆ, ಆದ್ದರಿಂದ ರಕ್ತ ತೆಗೆದರೆ ನಡೆಯುತ್ತದೆ. ನನಗೆ ಇರುವ ರಕ್ತವೇ ಸಾಲದು.

ಉಳಿದದ್ದು ಕಬ್ಬಿಣವನ್ನು ಹಿಡಿದು ಹೊರಗೆ ಸಾಗಿಸುವ ಔಷಧಿ. ನಾನು ತೆಗೆದುಕೊಳ್ಳುವುದು ಡೆಫೆರಾಸಿರಾಕ್ಸ್. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಮಾತ್ರೆಗಳನ್ನು ಒಂದು ಲೋಟ ನೀರಿಗೆ ಹಾಕಿ ಕದಡಬೇಕು. ಅವು ಸಕ್ಕರೆಯ ಹಾಗೆ ಕರಗುವುದಿಲ್ಲ, ನೀರು ಬೆಳ್ಳಗಾಗಿ ಸುಣ್ಣದ ತಿಳಿಯಂತಾಗುತ್ತದೆ. ಕುಡಿದ ಮೇಲೆ ಲೋಟದ ತಳದಲ್ಲಿ ಪುಡಿ ಅಂಟಿಕೊಂಡಿರುತ್ತದೆ. ಅದಕ್ಕೆ ಮತ್ತೆ ಸ್ವಲ್ಪ ನೀರು ಹಾಕಿ, ತೊಳೆದು, ಅದನ್ನೂ ಕುಡಿಯಬೇಕು, ಇಲ್ಲದಿದ್ದರೆ ಔಷಧಿಯ ಪಾಲು ತಳದಲ್ಲೇ ಉಳಿಯುತ್ತದೆ. ತಿಂಡಿಗೆ ಅರ್ಧ ಗಂಟೆಯಾದರೂ ಕಾಯಬೇಕು. ಮೂತ್ರಪಿಂಡ ಮತ್ತು ಯಕೃತ್ತು ಇದನ್ನು ತಾಳಿಕೊಳ್ಳುತ್ತಿವೆಯೇ ಎಂದು ಆಗಾಗ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ನಿಯಮಿತವಾಗಿ ರಕ್ತ ಪಡೆಯದವರಲ್ಲಿ ಸಾಮಾನ್ಯವಾಗಿ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂದಾಜು ಕೊಡುವ ರಕ್ತಪರೀಕ್ಷೆಯ ಸಂಖ್ಯೆ, 800 ಮುಟ್ಟಿದಾಗ ಈ ಚಿಕಿತ್ಸೆ ಶುರುವಾಗುತ್ತದೆ. ನಮ್ಮಲ್ಲಿ ಫೆರಿಟಿನ್ ಸಂಖ್ಯೆ ಯಕೃತ್ತಿನ ನಿಜಸ್ಥಿತಿಗಿಂತ ಕಡಿಮೆಯೇ ತೋರಿಸುವುದುಂಟು. ಅದಕ್ಕೇ ಎಂಆರ್‌ಐ ಮಾಡಿಸಿ ಯಕೃತ್ತಿನ ಕಬ್ಬಿಣವನ್ನು ನೇರವಾಗಿ ಅಳೆಯುತ್ತಾರೆ.

ಊಟದ ವಿಷಯದಲ್ಲಿ ನನಗೆ ದೊಡ್ಡ ಕಟ್ಟುಪಾಡಿಲ್ಲ. ರಾಗಿಮುದ್ದೆ, ಸೊಪ್ಪಿನ ಸಾರು ಎರಡೂ ತಿನ್ನುತ್ತೇನೆ, ಊಟದ ಜೊತೆ ಚಹಾ ಕುಡಿಯುತ್ತೇನೆ, ಏಕೆಂದರೆ ಚಹಾ ಕಬ್ಬಿಣವನ್ನು ಹೀರಿಕೊಳ್ಳಲು ಅಷ್ಟಾಗಿ ಬಿಡುವುದಿಲ್ಲ. ಕಬ್ಬಿಣ ಬೆರೆಸಿದ ಟಾನಿಕ್, ವೈದ್ಯರು ಹೇಳದ ವಿಟಮಿನ್ ಸಿ ಮಾತ್ರೆ ಮುಟ್ಟುವುದಿಲ್ಲ.

ನನಗೆ ನೋವಾಗುವುದು ಬೇರೊಂದಕ್ಕೆ. ಹದಿಹರೆಯದಲ್ಲಿ ಒಂದು ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಸಂಖ್ಯೆಯೊಂದನ್ನೇ ನೋಡಿ ನನಗೆ ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ಕೊಟ್ಟರು. ಸಂಖ್ಯೆ ಏರಲಿಲ್ಲ, ಏಕೆ ಏರಲಿಲ್ಲ ಎಂದು ಯಾರೂ ಕೇಳಲಿಲ್ಲ. ಕೆಂಪು ಕಣ ಚಿಕ್ಕದಾಗಿ ಕಂಡರೆ ಅದು ಕಬ್ಬಿಣದ ಕೊರತೆಯಿಂದಲೂ ಇರಬಹುದು, ಥಲಸ್ಸೇಮಿಯಾದಿಂದಲೂ ಇರಬಹುದು. ಫೆರಿಟಿನ್ ಪರೀಕ್ಷೆ ಅಂಥ ಹೊತ್ತಿನಲ್ಲಿ ದಾರಿ ತೋರುತ್ತದೆ. ಜ್ವರ, ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿಯೇ ಏರುವುದರಿಂದ ಜ್ವರ ಇಳಿದ ಮೇಲೆ ಮಾಡಿಸುವುದು ಒಳ್ಳೆಯದು.

ಇದನ್ನು ಓದಿ ಯಾರೂ ತಮ್ಮ ಮಾತ್ರೆ ನಿಲ್ಲಿಸಬಾರದು. ನಮ್ಮ ನಾಡಿನ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆ ನಿಜವಾಗಿಯೂ ಅಪಾರ. ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆ, ಬಸುರಿಯರಿಗೆ ಆಶಾ ಕಾರ್ಯಕರ್ತೆ ತಂದುಕೊಡುವ ಮಾತ್ರೆ ಜೀವ ಉಳಿಸುತ್ತವೆ. ಥಲಸ್ಸೇಮಿಯಾ ವಾಹಕರಿಗೂ, ಅಂದರೆ ಒಂದೇ ಜೀನ್ ಬಂದವರಿಗೂ, ಕಬ್ಬಿಣದ ಕೊರತೆ ಬೇರೆಯಾಗಿ ಬರಬಹುದು, ಅವರಿಗೆ ಆಗ ಮಾತ್ರೆ ಬೇಕೇ ಬೇಕು. ಆದರೆ ಕೆಲವು ತಿಂಗಳು ಸರಿಯಾಗಿ ನುಂಗಿದರೂ ಹಿಮೋಗ್ಲೋಬಿನ್ ಜಗ್ಗದಿದ್ದರೆ ಟಾನಿಕ್ಕಿನ ಹೆಸರು ಬದಲಿಸುವುದು ಬಿಟ್ಟು ಫೆರಿಟಿನ್ ಮತ್ತು ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ನೋಡುವ ಎಚ್‌ಪಿಎಲ್‌ಸಿ ಪರೀಕ್ಷೆಗಳ ಬಗ್ಗೆ ವೈದ್ಯರನ್ನು ಕೇಳಿ. ಬಸುರಿಯಲ್ಲಿ ವಾಹಕತ್ವ ಕಂಡರೆ ಗಂಡನಿಗೂ ಅಂದೇ ಪರೀಕ್ಷೆ ಮಾಡಿಸಿ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಜೀನ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.