ಟಿಎಲ್‌ಆರ್‌-4 ತಂತಿಮಾದರಿ: ಆರನೆಯ ಸರಪಳಿ ಕೊನೆಗೂ ಕೂತಿತು

ಬ್ಯಾಕ್ಟೀರಿಯಾದ ಸುಳಿವು ಹಿಡಿದು ದೇಹದ ರಕ್ಷಣೆಯನ್ನು ಎಚ್ಚರಿಸುವ ಟಿಎಲ್‌ಆರ್‌-4 ಎಂಬ ಪ್ರೋಟೀನು ಕುದುರೆಲಾಳದ ಆಕಾರದ್ದು; ಅಂಥ ಎರಡು ಲಾಳಗಳ ಜೋಡಿಯನ್ನು ನಾನು ತಂತಿಯಲ್ಲಿ ಕಟ್ಟುತ್ತಿದ್ದೇನೆ. ಅದಕ್ಕೆ ಅಂಟುವ ಬ್ಯಾಕ್ಟೀರಿಯಾದ ಅಣುವಿನಲ್ಲಿ, ಮೂರು ವಾರ ನಿದ್ದೆಗೆಡಿಸಿದ ಆರನೆಯ ಸರಪಳಿ ನಿನ್ನೆ ರಾತ್ರಿ ತನ್ನ ಜಾಗ ಸೇರಿತು. ಒಂದು ನ್ಯಾನೋಮೀಟರನ್ನು 2 ಸೆಂಟಿಮೀಟರಿಗೆ ಹಿಗ್ಗಿಸಿರುವುದರಿಂದ, ಜೀವಕೋಶದ ಪೊರೆಯಿಂದ ಹೊರಚಾಚಿದ ಸುಮಾರು 600 ಅಮೈನೋ ಆಮ್ಲಗಳ ಒಂದು ಲಾಳಕ್ಕೆ ನಾಲ್ಕೂವರೆ ಮೀಟರ್ ತಂತಿ ಬೇಕಾಗುತ್ತದೆ. ಮೈಸೂರಿನ ಅಂಗಡಿಯೊಂದರಲ್ಲಿ ಅಪ್ಪಟ ತಾಮ್ರವೆಂದು ಕೊಟ್ಟ ಸುರುಳಿ ತಾಮ್ರ ಲೇಪಿಸಿದ ಅಲ್ಯುಮಿನಿಯಂ ಆಗಿತ್ತು; ಎರಡು ಸಲ ಬಾಗಿಸಿದಲ್ಲೆಲ್ಲ ಮುರಿಯಿತು, ಬೆಸುಗೆಯೂ ಹಿಡಿಯಲಿಲ್ಲ. ಹಣ ಹಿಂದಿರುಗಿಸಲು ಅವರು ಒಪ್ಪಲಿಲ್ಲವೆಂಬ ಬೇಸರ ಇನ್ನೂ ಆರಿಲ್ಲ.

ಆದರೆ ನಿಜವಾದ ತೊಡಕು ತಂತಿಯದಲ್ಲ. ಇ. ಕೊಲೈ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಲಿಪಿಡ್-ಎ ಅಣುವಿಗೆ ಆರು ಕೊಬ್ಬಿನ ಸರಪಳಿಗಳಿದ್ದು, ಐದು ಸರಪಳಿಗಳು ಪ್ರತಿ ಲಾಳಕ್ಕೂ ಅಂಟಿಕೊಂಡಿರುವ ಎಂಡಿ-2 ಎಂಬ ಬಟ್ಟಲಿನಂಥ ಪ್ರೋಟೀನಿನೊಳಗೆ ಹುದುಗುತ್ತವೆ. ಹೊರಗುಳಿದ ಆರನೆಯದು ಪಕ್ಕದ ಲಾಳಕ್ಕೆ ಕೊಂಡಿಯಾಗುತ್ತದೆ. ಹೀಗೆ ಜೋಡಿ ಕೂಡಿದಾಗಲೇ ಪೊರೆಯ ಒಳಬದಿಗೆ ಚಾಚಿದ, ಟಿಐಆರ್ ಎಂದು ಕರೆಯುವ ಇವೇ ಪ್ರೋಟೀನುಗಳ ಭಾಗಗಳು ಹತ್ತಿರ ಬಂದು, ಮೈಡಿ88 ಮುಂತಾದ ಪ್ರೋಟೀನುಗಳನ್ನು ಸೇರಿಸಿಕೊಂಡು, ಉರಿಯೂತದ ಸಂಕೇತವನ್ನು ಮುಂದಕ್ಕೆ ಕಳಿಸುತ್ತವೆ. ನನ್ನ ಮಾದರಿಯಲ್ಲಿ ಎರಡೂ ಬಟ್ಟಲುಗಳು ಒಂದೇ ಮಗ್ಗುಲಿಗೆ ಬಂದಿದ್ದವು, ಆರನೆಯ ಸರಪಳಿ ಎರಡು ಬೆರಳು ದೂರದಲ್ಲಿ ಗಾಳಿಯಲ್ಲಿ ನಿಂತಿತ್ತು.

ಜೋಡಿಯನ್ನು ಎದುರಿನಿಂದ ನೋಡಿದರೆ ಇಂಗ್ಲಿಷಿನ ಎಂ ಅಕ್ಷರದಂತಿರುವುದರಿಂದ, ಅರಮನೆಯ ಗಂಡಭೇರುಂಡದ ಎರಡು ತಲೆಗಳಂತೆ ಒಂದು ಮತ್ತೊಂದರ ಪ್ರತಿಬಿಂಬವೆಂದು ನಾನು ಭಾವಿಸಿದ್ದೆ. ಪೀಠದ ಹಲಗೆಗೆ ತಿರುಪು ಬಿಗಿಯುವಾಗ ತಪ್ಪು ಕಣ್ಣಿಗೆ ಬಿತ್ತು: ಮೊದಲ ಲಾಳದ ಸುರುಳಿ ತಿರುಪಿನ ಎಳೆಯಂತೆಯೇ ಬಲಮುರಿ, ಎರಡನೆಯದು ಎಡಮುರಿ! ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೇರಳವಾಗಿರುವ ಈ ಮಡಿಕೆಗಳ ಸುರುಳಿ ಬಲಕ್ಕೇ ಸುತ್ತುತ್ತದೆ. ಒಂದೇ ಕೈಯ ಕೈಗವಸುಗಳಂತೆ ಎಲ್-ರೂಪದಲ್ಲೇ ಇರುವ ಅಮೈನೋ ಆಮ್ಲಗಳಿಂದ ಕಟ್ಟಿದ ಪ್ರೋಟೀನಿಗೆ ಕನ್ನಡಿಯ ಪ್ರತಿ ಜೀವಕೋಶದಲ್ಲಿ ಇರಲಾರದು. ಎರಡನೆಯ ಲಾಳವೂ ಮೊದಲಿನದರ ಪಡಿಯಚ್ಚೇ ಆಗಿರಬೇಕು, ಪೊರೆಗೆ ಲಂಬವಾದ ಅಕ್ಷದ ಸುತ್ತ 180 ಡಿಗ್ರಿ ತಿರುಗಿ ನಿಂತಿರಬೇಕು.

ಹೊಸ ತಂತಿ ತಂದು ಬಲಮುರಿಯಾಗಿ ಸುತ್ತಿ ತಿರುಗಿಸಿ ನಿಲ್ಲಿಸಿದಾಗ ಬಟ್ಟಲುಗಳು ಮುಂದೊಂದು ಹಿಂದೊಂದಾಗಿ ಕುಳಿತವು. ಪಕ್ಕದ ಲಾಳದಲ್ಲಿ 440 ಮತ್ತು 463ನೆಯ ಅಮೈನೋ ಆಮ್ಲಗಳಾದ ಫೀನೈಲ್‌ಅಲನೀನ್‌ಗಳಿಗೆ ಪೋಣಿಸಿದ್ದ ಕೆಂಪು ಮಣಿಗಳನ್ನು ಸರಪಳಿ ತಾನಾಗಿಯೇ ಮುಟ್ಟಿತು. ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ಮುಂದಿನ ಮಾದರಿ ಉರಿಯೂತದ ಸಂದೇಶ ಸಾರುವ ಪ್ರೋಟೀನಾದ, ಪೊರೆಗೆ ಅಂಟಿರುವ ಟಿಎನ್‌ಎಫ್. ಅಲ್ಲಿ 233 ಅಮೈನೋ ಆಮ್ಲಗಳ ಮೂರು ಎಳೆಗಳು ಕೂಡುತ್ತವೆ, ಟೇಸ್ ಕಿಣ್ವ ಕತ್ತರಿಸಿದರೆ 157ರ ತುಂಡುಗಳು ಕಳಚಿಕೊಳ್ಳುತ್ತವೆ. ಕಳಚುವ ಜಾಗಕ್ಕೆ ಅಯಸ್ಕಾಂತ ಇಡುವ ಯೋಚನೆಯಿದೆ. ಈ ಸಲ ಮೂರೂ ಎಳೆಗಳನ್ನು ಒಂದೇ ಅಚ್ಚಿನ ಮೇಲೆ ಬಾಗಿಸಿ, 120 ಡಿಗ್ರಿಗೊಂದರಂತೆ ನಿಲ್ಲಿಸುತ್ತೇನೆ.