ವ್ಯಾಂಪೈರ್ ಮೈಮೇಲೆ ಹಚ್ಚೆ ನಿಲ್ಲೋದು ಹೇಗೆ? ಆಟದ ನಿಯಮ ಬರೆಯುತ್ತಾ ಕಲಿತದ್ದು

ಟೇಬಲ್ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ರೋಲ್‌ಪ್ಲೇಯಿಂಗ್ ಗೇಮ್‌ಗಳಿಗೆ ನಿಯಮ ಬರೆಯುವುದು ನನ್ನ ಕೆಲಸ. ಕಥೆ ಬರೆಯುವವರು ಬೇರೆ, ಚಿತ್ರ ಬಿಡಿಸುವವರು ಬೇರೆ. ದಾಳ ಎಷ್ಟು, ಗೆದ್ದರೆ ಏನು, ಸೋತರೆ ಏನು ಅನ್ನೋ ಒಣ ಭಾಗ ನನ್ನದು. ಇತ್ತೀಚೆಗೆ ಒಂದು ವ್ಯಾಂಪೈರ್ ಆಟದ ಮಾಂತ್ರಿಕ ಹಚ್ಚೆ ವಿಧಿಯನ್ನು (ಪಾತ್ರಗಳು ಆಟದೊಳಗೆ ಮಾಡುವ ಮಂತ್ರದ ಆಚರಣೆಯನ್ನು) ಸರಿಮಾಡಿ ಕೊಡಿ ಎಂದು ಅರ್ಧ ಪುಟ ಕೈಗೆ ಬಂತು. ಈ ಕೆಲಸ ಹೇಗೆ ನಡೆಯುತ್ತದೆ ಅಂತ ತೋರಿಸಲು ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ತಮ್ಮ ಗುಂಪಿಗೆ ತಾವೇ ವಿಧಿಗಳನ್ನು ಕಟ್ಟಿಕೊಳ್ಳುವ, ಆಟ ನಡೆಸಿಕೊಡುವ ಸ್ಟೋರಿಟೆಲರ್‌ಗಳಿಗೂ ಉಪಯೋಗ ಆಗಬಹುದು.

ಕೈಗೆ ಬಂದ ಕರಡಿನ ಸಾರ ಇಷ್ಟೇ. ರಕ್ತ ಬೆರೆಸಿದ ಶಾಯಿಯಲ್ಲಿ ಗುರುತು ಚುಚ್ಚಿಸಿಕೊಂಡ ವ್ಯಾಂಪೈರ್‌ಗೆ ಬೆಂಕಿಯ ಭಯ ಎದುರಿಸುವಾಗ ಎರಡು ದಾಳ ಜಾಸ್ತಿ, ಶಾಶ್ವತವಾಗಿ. ಓದಲು ಚೆನ್ನಾಗಿಯೇ ಇತ್ತು. ಮೇಣದ ಬತ್ತಿ, ಮಂತ್ರ, ಮೂಳೆಯ ಸೂಜಿ ಎಲ್ಲವೂ ಇದ್ದವು. ಆಡಲು ಮಾತ್ರ ಏನೂ ಇರಲಿಲ್ಲ.

ಮೊದಲು ಎರಡು ದಾಳದ ಲೆಕ್ಕ ನೋಡೋಣ, ಇದನ್ನು ಹಗುರವಾಗಿ ತಗೊಳ್ಳುವವರು ಬಹಳ ಜನ. ನಮ್ಮ ಆಟದಲ್ಲಿ ಹತ್ತು ಮುಖದ ದಾಳ, 6 ಅಥವಾ ಅದಕ್ಕಿಂತ ಮೇಲೆ ಬಿದ್ದರೆ ಒಂದು ಗೆಲುವು. ಐದು ದಾಳ ಹಾಕಿ ಮೂರು ಗೆಲುವು ಬೇಕಾದರೆ ಸಾಧ್ಯತೆ ಸರಿಯಾಗಿ ಶೇ. 50. ಏಳು ದಾಳ ಹಾಕಿದರೆ ಶೇ. 77. ಅಂದರೆ ಬೆಂಕಿ ಕಂಡರೆ ಹೆದರಿ ಓಡಬೇಕಾದ ಜೀವಿ ನಾಲ್ಕರಲ್ಲಿ ಮೂರು ಸಲ ಓಡುವುದೇ ಇಲ್ಲ. ಅದೂ ಶಾಶ್ವತವಾಗಿ. ಆಟಗಾರ ಒಂದು ಸಲ ಹಚ್ಚೆ ಹಾಕಿಸಿಕೊಂಡು ತನ್ನ ಪಾತ್ರದ ವಿವರ ಇರುವ ಶೀಟ್‌ನಲ್ಲಿ ಬರೆದುಕೊಂಡರೆ ಮುಗಿಯಿತು, ಆಮೇಲೆ ಅದರ ಬಗ್ಗೆ ಯೋಚಿಸುವ ಪ್ರಸಂಗವೇ ಬರುವುದಿಲ್ಲ. ಇದು ವಿಧಿ ಅಲ್ಲ, ಅಂಗಡಿಯಲ್ಲಿ ಕೊಂಡ ಹೆಲ್ಮೆಟ್.

ಸಂಖ್ಯೆ ತಿದ್ದಿದರೆ ಇದು ಸರಿ ಹೋಗುತ್ತದೆ ಅನಿಸಬಹುದು. ಎರಡನ್ನು ಒಂದು ಮಾಡಿ, ಶಾಶ್ವತವನ್ನು ಒಂದು ರಾತ್ರಿಗೆ ಇಳಿಸಿ. ಎಷ್ಟೋ ಪುಸ್ತಕಗಳಲ್ಲಿ ಹಾಗೇ ಮಾಡುತ್ತಾರೆ. ನಾನು ಆ ದಾರಿ ಹಿಡಿಯುವುದಿಲ್ಲ. ವಿಧಿಯೊಂದು ಕೈಗೆ ಬಂದಾಗ ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಇದು ಯಾಕೆ ಕಷ್ಟ? ಆಟದ ಲೋಕದಲ್ಲಿ ಈಗಾಗಲೇ ಇರುವ ಯಾವ ನಿಯಮ ಇದಕ್ಕೆ ಅಡ್ಡ ನಿಂತಿದೆ?

ಇಲ್ಲಿ ಅಡ್ಡ ನಿಂತಿದ್ದು ವ್ಯಾಂಪೈರ್‌ನ ಮೈಯೇ. 1991ರಲ್ಲಿ ಬಂದ 'ವ್ಯಾಂಪೈರ್: ದಿ ಮಾಸ್ಕರೇಡ್' ಕಾಲದಿಂದ ಈ ಬಗೆಯ ಆಟಗಳಲ್ಲಿ ಒಂದು ರೂಢಿ ಇದೆ. ವ್ಯಾಂಪೈರ್‌ನ ದೇಹ ಸತ್ತ ಗಳಿಗೆಯಲ್ಲಿ ಹೇಗಿತ್ತೋ ಹಾಗೇ ಉಳಿಯುತ್ತದೆ. ಇವತ್ತು ಕೂದಲು ಕತ್ತರಿಸಿದರೆ ಹಗಲು ನಿದ್ದೆ ಮುಗಿಸಿ ಏಳುವಷ್ಟರಲ್ಲಿ ಮೊದಲಿನ ಉದ್ದಕ್ಕೇ ಬಂದಿರುತ್ತದೆ. ನಮ್ಮ ಆಟವೂ ಇದನ್ನೇ ಇಟ್ಟುಕೊಂಡಿದೆ. ಹಾಗಾದರೆ ಬದುಕಿದ್ದಾಗ ಹಾಕಿಸಿಕೊಂಡ ಹಚ್ಚೆ ನೂರಾರು ವರ್ಷ ಮಾಸದೆ ಉಳಿಯುತ್ತದೆ, ಸತ್ತ ಮೇಲೆ ಹಾಕಿಸಿಕೊಂಡದ್ದು ಬರೀ ಗಾಯ, ಮರುದಿನ ಸಂಜೆಗೆ ಮಾಯ. ಕರಡು ಈ ತೊಡಕನ್ನು 'ಮಾಂತ್ರಿಕ ಶಾಯಿ' ಅನ್ನೋ ಎರಡು ಪದದಲ್ಲಿ ದಾಟಿಬಿಟ್ಟಿತ್ತು. ಇಡೀ ವಿಧಿಯಲ್ಲಿ ಸ್ವಾರಸ್ಯ ಇದ್ದದ್ದೇ ಆ ತೊಡಕಿನಲ್ಲಿ.

ಕಸುಬಿನ ವಿಷಯ ಬಂದಾಗ ಆ ಕಸುಬಿನವರನ್ನು ಕೇಳುವುದು ನನ್ನ ಪದ್ಧತಿ. ಟ್ಯಾಟೂ ಹಾಕುವ ಒಬ್ಬ ಕಲಾವಿದೆಯ ಹತ್ತಿರ ಕೂತು ಮಾತಾಡಿದೆ, ಜೊತೆಗೆ ಒಂದಿಷ್ಟು ಓದಿದೆ. ಮನುಷ್ಯರ ಮೈಮೇಲೆ ಹಚ್ಚೆ ನಿಲ್ಲುವುದೇ ಒಂದು ವಿಚಿತ್ರ ಕಥೆ. ಚರ್ಮದ ಮೇಲ್ಪದರ ಕೆಲವು ವಾರಗಳಲ್ಲಿ ಉದುರಿ ಹೊಸದಾಗುತ್ತದೆ, ಆದ್ದರಿಂದ ಸೂಜಿ ಅದನ್ನು ದಾಟಿ ಒಂದೆರಡು ಮಿಲಿಮೀಟರ್ ಒಳಗೆ, ಒಳಪದರಕ್ಕೆ ಶಾಯಿ ಬಿಡುತ್ತದೆ. ಅಲ್ಲಿ ಮ್ಯಾಕ್ರೋಫೇಜ್ ಎನ್ನುವ ರಕ್ಷಣಾ ಕೋಶಗಳು ಶಾಯಿಯನ್ನು ಕಸ ಅಂದುಕೊಂಡು ನುಂಗುತ್ತವೆ. ಆದರೆ ಅರಗಿಸಿಕೊಳ್ಳಲು ಆಗುವುದಿಲ್ಲ, ಹಾಗೇ ಹಿಡಿದುಕೊಂಡು ಕೂರುತ್ತವೆ. 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳ ಮೇಲೆ ನೋಡಿದ್ದು ಇನ್ನೂ ಮಜವಾಗಿದೆ. ಆ ಕೋಶ ಸತ್ತಾಗ ಶಾಯಿ ಹೊರಬೀಳುತ್ತದೆ, ಪಕ್ಕದಲ್ಲಿ ಹೊಸದಾಗಿ ಬಂದ ಕೋಶ ಅದನ್ನು ಮತ್ತೆ ನುಂಗುತ್ತದೆ. ಅಂದರೆ ಹಚ್ಚೆ ಸುಮ್ನೆ ಅಲ್ಲೇ ಬಿದ್ದುಕೊಂಡಿಲ್ಲ, ಕೈಯಿಂದ ಕೈಗೆ ದಾಟುತ್ತಾ ಉಳಿದಿದೆ. ಲೇಸರ್‌ನಲ್ಲಿ ಅಳಿಸುವುದು ಒಂದೇ ಸಲಕ್ಕೆ ಆಗದಿರಲು ಇದೂ ಒಂದು ಕಾರಣ.

ವ್ಯಾಂಪೈರ್‌ಗೆ ಇದ್ಯಾವುದೂ ಇಲ್ಲ. ಕೋಶ ಹುಟ್ಟುವುದಿಲ್ಲ, ಸಾಯುವುದಿಲ್ಲ. ಗುರುತನ್ನು ಹಿಡಿದುಕೊಳ್ಳುವವರೇ ಅಲ್ಲಿಲ್ಲ. ಅಲ್ಲಿರುವುದು ದೇಹಕ್ಕೆ ತನ್ನ ಸಾವಿನ ನೆನಪು, ಅಷ್ಟೇ. ದಿನಾ ಬೆಳಗಾಗುತ್ತಲೇ ಆ ನೆನಪು ಎಲ್ಲವನ್ನೂ ಮೊದಲಿನಂತೆ ಮಾಡಿಬಿಡುತ್ತದೆ. ಹಾಗಾಗಿ ವಿಧಿ ಮಾಡಬೇಕಾದ ಕೆಲಸ ಶಾಯಿಯನ್ನು ಗಟ್ಟಿ ಮಾಡುವುದಲ್ಲ. ಆ ನೆನಪಿಗೆ ಸುಳ್ಳು ಹೇಳುವುದು. "ನೀನು ಸತ್ತಾಗಲೇ ಈ ಗುರುತು ಇತ್ತು" ಎಂದು ದೇಹವನ್ನು ನಂಬಿಸುವುದು.

ಈ ಒಂದು ವಾಕ್ಯ ಸಿಕ್ಕಿದ ಮೇಲೆ ಉಳಿದದ್ದೆಲ್ಲ ತಾನಾಗಿ ಬಂತು. ದೇಹವನ್ನು ನಂಬಿಸಬೇಕಾದರೆ ಸಾವನ್ನು ಮತ್ತೊಮ್ಮೆ ಆಡಿ ತೋರಿಸಬೇಕು, ಅಂದರೆ ಹಚ್ಚೆ ಹಾಕಿಸಿಕೊಳ್ಳುವವರ ಮೈಯಿಂದ ರಕ್ತವನ್ನು ಬಹುತೇಕ ಬಸಿಯಬೇಕು. ಅಂದರೆ ಹಸಿವು ತುತ್ತತುದಿಯಲ್ಲಿರುತ್ತದೆ. ಬಸಿದ ರಕ್ತಕ್ಕೆ ಮಸಿ ಬೆರೆಸಿದರೆ ಅದೇ ಶಾಯಿ. ಹೀಗೆ ಹಸಿದು ಕಂಗಾಲಾದ ವ್ಯಾಂಪೈರ್ ಅಲುಗಾಡದೆ ಮಲಗಿರಬೇಕು, ಯಾರೋ ಒಬ್ಬರು ಸೂಜಿ ಹಿಡಿದು ಗಂಟೆಗಟ್ಟಲೆ ಅದರ ಮೈಮೇಲೆ ಬಾಗಿರಬೇಕು. ಆ ಯಾರೋ ಮನುಷ್ಯರಾಗಿದ್ದರೆ ಅವರ ಕುತ್ತಿಗೆ ಎಲ್ಲಿರುತ್ತದೆ ಅಂತ ನೀವೇ ಊಹಿಸಿ.

ಕಾಲದ ಮಿತಿಯೂ ಪುಕ್ಕಟೆ ಸಿಕ್ಕಿತು. ದೊಡ್ಡ ಹಚ್ಚೆಗಳನ್ನು ಮನುಷ್ಯರಿಗೆ ಹಲವು ಸಲ ಕೂರಿಸಿ, ನಡುವೆ ಗಾಯ ಮಾಗಲು ವಾರಗಳ ಬಿಡುವು ಕೊಟ್ಟು ಹಾಕುತ್ತಾರೆ. ಇಲ್ಲಿ ಅದು ಆಗುವುದಿಲ್ಲ. ಅರ್ಧಕ್ಕೆ ಬಿಟ್ಟದ್ದು ಬೆಳಗಾದರೆ ಅಳಿಸಿಹೋಗುತ್ತದೆ. ಇಡೀ ಕೆಲಸ ಒಂದೇ ರಾತ್ರಿಯಲ್ಲಿ ಮುಗಿಯಬೇಕು. ಹಾಗಾದರೆ ರಾತ್ರಿ ಎಷ್ಟು ಉದ್ದ ಅನ್ನುವುದು ನಿಯಮದ ಭಾಗವೇ ಆಯಿತು ಅಲ್ವಾ? ಸಮಭಾಜಕದ ಹತ್ತಿರ ವರ್ಷವಿಡೀ ಸುಮಾರು 12 ಗಂಟೆ. 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಜೂನ್ ಕೊನೆಗೆ ಐದು ಗಂಟೆ ಸಿಕ್ಕರೆ ಹೆಚ್ಚು, ಡಿಸೆಂಬರ್ ಕೊನೆಗೆ 18 ಗಂಟೆ. ಉತ್ತರದ ವ್ಯಾಂಪೈರ್‌ಗಳು ಬೆನ್ನು ತುಂಬ ಹಚ್ಚೆ ಬೇಕಾದರೆ ಚಳಿಗಾಲ ಕಾಯಬೇಕು. ಇದಕ್ಕೆ ನಾನು ಕೊಟ್ಟದ್ದು ಒಂದೇ ಸಾಲು, ಆದರೆ ಮುದ್ರಣಕ್ಕೆ ಮೊದಲು ಆಡಿಸಿ ನೋಡುವ ಪ್ಲೇಟೆಸ್ಟ್‌ನಲ್ಲಿ ಎಲ್ಲರಿಗೂ ಹಿಡಿಸಿದ್ದು ಅದೇ.

ಪ್ರಯೋಜನದ ಭಾಗ ಬೇಗ ಮುಗಿಯಿತು. ಶಾಶ್ವತವಾದ ಎರಡು ದಾಳ ತೆಗೆದೆ. ಅದರ ಬದಲು, ರಾತ್ರಿಗೊಮ್ಮೆ ಆಟಗಾರರು ಬೆಂಕಿಯ ಭಯದ ದಾಳ ಹಾಕದೆಯೇ ನಿಲ್ಲಬಹುದು. ಹಾಗೆ ನಿಂತ ಮೇಲೆ ಹಚ್ಚೆ ಕಡುಕಪ್ಪಾಗುತ್ತದೆ, ಮತ್ತೆ ರಕ್ತ ಕುಡಿಯುವವರೆಗೂ ತಿಳಿಯಾಗುವುದಿಲ್ಲ. ಉಳಿದ ಹೊತ್ತಿನಲ್ಲೂ ಹಸಿವು ಏರಿದಷ್ಟೂ ಅದು ಕಪ್ಪಾಗುತ್ತದೆ, ತಣಿದರೆ ಮಸುಕಾಗುತ್ತದೆ. ಗೊತ್ತಿದ್ದವರು ನೋಡಿದರೆ ನೀವೆಷ್ಟು ಹಸಿದಿದ್ದೀರಿ ಅಂತ ತಿಳಿದುಬಿಡುತ್ತದೆ. ಈಗ ಆಟಗಾರರಿಗೆ ಯೋಚನೆ ಶುರು. ಹಚ್ಚೆ ಎಲ್ಲಿ ಹಾಕಿಸಿಕೊಳ್ಳಲಿ, ಕತ್ತಿನ ಮೇಲೋ ತೋಳಿನ ಒಳಗೋ, ಯಾರೆದುರು ಅಂಗಿ ಬಿಚ್ಚಲಿ.

ಪ್ಲೇಟೆಸ್ಟ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಆಟಗಾರರು ನಿಯಮವನ್ನು ಓದುವುದಿಲ್ಲ, ಅದರಲ್ಲಿ ತೂತು ಹುಡುಕುತ್ತಾರೆ. ಹಾಗೆ ಹುಡುಕಬೇಕು ಕೂಡ. ತೋಳು ಕತ್ತರಿಸಿದರೆ ಹಚ್ಚೆ ಹೋಗುತ್ತದಾ? ಇಲ್ಲ, ತೋಳು ಸಾವಿನ ನೆನಪಿನಂತೆ ಬೆಳೆಯುತ್ತದೆ, ಹಚ್ಚೆ ಈಗ ಆ ನೆನಪಿನಲ್ಲೇ ಇದೆ, ಅದೂ ವಾಪಸ್ ಬರುತ್ತದೆ. ಸುಟ್ಟರೆ? ಈ ಆಟಗಳಲ್ಲಿ ಸುಟ್ಟ ಗಾಯ ತಡವಾಗಿ ಮಾಗುತ್ತದೆ, ಮಾಗುವವರೆಗೆ ಹಚ್ಚೆಗೂ ಶಕ್ತಿ ಇಲ್ಲ. ತೋಳವಾಗಿ ಬದಲಾದರೆ? ಅದೇ ಜಾಗದ ತುಪ್ಪಳ ಬೇರೆ ಬಣ್ಣಕ್ಕೆ ತಿರುಗುತ್ತದೆ, ಶತ್ರುಗಳು ಗುರುತು ಹಿಡಿಯಬಹುದು. ಇವಕ್ಕೆಲ್ಲ ಪುಸ್ತಕದಲ್ಲಿ ನಾನು ಉತ್ತರ ಬರೆದೇ ಇಲ್ಲ. ದೇಹದ ನೆನಪಿಗೆ ಸುಳ್ಳು ಹೇಳುವುದು ಅನ್ನೋ ಒಂದು ಸಾಲು ಇಟ್ಟುಕೊಂಡು ಟೇಬಲ್‌ನಲ್ಲಿದ್ದ ಸ್ಟೋರಿಟೆಲರ್ ತಾವೇ ಹೇಳಿದರು. ಬೇರೆ ಗುಂಪಿನ ಸ್ಟೋರಿಟೆಲರ್ ಕೂಡ ಹೆಚ್ಚುಕಡಿಮೆ ಅವನ್ನೇ ಹೇಳಿದರು. ಎಲ್ಲ ಪ್ರಶ್ನೆಗೂ ಒಂದೊಂದು ಉಪನಿಯಮ ಬರೆಯುವವರನ್ನು ನೋಡಿದ್ದೇನೆ, ಅವರ ಅರ್ಧ ಪುಟ ನಾಲ್ಕು ಪುಟ ಆಗುತ್ತದೆ, ಆದರೂ ಐದನೇ ಪ್ರಶ್ನೆ ಕಾದು ಕೂತಿರುತ್ತದೆ.

ಒಂದು ಪ್ರಶ್ನೆಗೆ ಮಾತ್ರ ಬೇರೆ ಸಾಲು ಬೇಕಾಯಿತು. ಬದುಕಿದ್ದಾಗಿನ ಹಚ್ಚೆಗೆ ಶಕ್ತಿ ತುಂಬಬಹುದಾ? ತರ್ಕದ ಪ್ರಕಾರ ಬಹುದು, ಅದು ಮೊದಲೇ ನೆನಪಿನಲ್ಲಿದೆ, ರಕ್ತ ಬಸಿಯುವ ಕಷ್ಟವೂ ಇಲ್ಲ. ಇದನ್ನು ಕೇಳಿದ್ದೇ ತಡ, ಟೇಬಲ್‌ನಲ್ಲಿದ್ದ ಅಷ್ಟೂ ಪಾತ್ರಗಳಿಗೆ ದಿಢೀರ್ ಅಂತ ಹಳೇ ಹಚ್ಚೆಗಳ ನೆನಪು ಬಂತು! ಆದ್ದರಿಂದ ಆಟ ಶುರುವಾಗುವ ಮೊದಲೇ ಶೀಟ್‌ನಲ್ಲಿ ಬರೆದಿರಬೇಕು ಅಂತ ಸೇರಿಸಿದೆ.

ಒಂದು ಗುಂಪಿನಲ್ಲಿ ಇನ್ನೊಂದು ನಡೆಯಿತು. ಹಚ್ಚೆ ಹಾಕುವ ಮನುಷ್ಯ ಹೆಂಗಸನ್ನು ಅಪಾಯಕ್ಕೆ ಒಡ್ಡುವುದು ಬೇಡ ಎಂದು ಆಟಗಾರರೊಬ್ಬರು ಅವಳನ್ನು ಮನೆಗೆ ಕಳಿಸಿಬಿಟ್ಟರು. ಈಗ ಸೂಜಿ ಹಿಡಿಯುವವರು ಯಾರು? ಗುಂಪಿನಲ್ಲಿ ಕೈ ಸ್ಥಿರವಾಗಿದ್ದ ಪಾತ್ರ ಒಂದೇ, ಅದಕ್ಕೂ ಈ ಆಟಗಾರರ ಪಾತ್ರಕ್ಕೂ ಹಿಂದಿನ ಆಟದಿಂದ ಮಾತೇ ಇರಲಿಲ್ಲ. ಆ ಸಂಜೆ ಪೂರ್ತಿ ಅವರಿಬ್ಬರ ಮಾತಿನಲ್ಲೇ ಹೋಯಿತು. ದಾಳ ಉರುಳಿದ್ದು ತೀರಾ ಕಡಿಮೆ. ಹಳೇ ಕರಡಿನಲ್ಲಿ ಈ ಸನ್ನಿವೇಶಕ್ಕೆ ಜಾಗವೇ ಇರಲಿಲ್ಲ, ಯಾಕೆಂದರೆ ಅಲ್ಲಿ ಯಾರಿಗೂ ಯಾರ ಅಗತ್ಯವೂ ಇರಲಿಲ್ಲ.

ಇನ್ನೆರಡು ವಿಷಯ, ಬೇಗ ಹೇಳುತ್ತೇನೆ. ಚಿತ್ರ ಬಿಡಿಸುವ ತಂಡ ಥಾಯ್ಲೆಂಡಿನ ಸಕ್ ಯಂತ್, ನ್ಯೂಜಿಲೆಂಡಿನ ಮೂಲನಿವಾಸಿ ಮಾವೋರಿಗಳ ತಾ ಮೋಕೊ ಹಚ್ಚೆಗಳ ಚಿತ್ರಗಳನ್ನು ಮಾದರಿಗೆ ಅಂತ ತಂದಿತ್ತು. ನಾನು ಬೇಡ ಅಂದೆ. ಸಕ್ ಯಂತ್ ಇವತ್ತಿಗೂ ಭಕ್ತಿಯಿಂದ ಹಾಕಿಸಿಕೊಳ್ಳುವ ಹಚ್ಚೆ, ತಾ ಮೋಕೊ ಒಬ್ಬರ ವಂಶವನ್ನೇ ಹೇಳುತ್ತದೆ. ಅವನ್ನು ಎತ್ತಿ ರಕ್ತ ಕುಡಿಯುವವರ ಮೈಮೇಲೆ ಅಂಟಿಸುವುದು ಸರಿ ಕಾಣಲಿಲ್ಲ. ಈ ಲೋಕದ ಗುರುತುಗಳನ್ನು ನಾವೇ ಕಟ್ಟಿದೆವು. ಎರಡನೆಯದು ಒಪ್ಪಿಗೆ. ಯಾರನ್ನೋ ಕಟ್ಟಿಹಾಕಿ ಬಲವಂತವಾಗಿ ಈ ವಿಧಿ ಮಾಡಬಹುದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಖಳನಾಯಕರು ತಮ್ಮ ಆಳುಗಳ ಮೇಲೆ ಮಾಡಲಿ, ಆಟಗಾರರ ಪಾತ್ರದ ಮೇಲೆ ಮಾಡಬೇಕಾದರೆ ಆ ಆಟಗಾರರನ್ನು ಆಟ ನಿಲ್ಲಿಸಿ ಕೇಳಬೇಕು ಎಂದು ವಿಧಿಯ ಒಳಗೇ ಬರೆದಿದ್ದೇನೆ. ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಬರೆದರೆ ಯಾರೂ ನೋಡುವುದಿಲ್ಲ.

ಈಗ ಉಳಿದಿರುವ ಜಗಳ ಬಣ್ಣದ್ದು. ಚಿತ್ರದವರಿಗೆ ಹಚ್ಚೆ ಕೆಂಪಾಗಿರಬೇಕು, ಪುಟ ಚೆನ್ನಾಗಿ ಕಾಣುತ್ತದೆ, ರಕ್ತ ಅಂತ ತಕ್ಷಣ ಗೊತ್ತಾಗುತ್ತದೆ ಅನ್ನೋದು ಅವರ ವಾದ. ಯಾವಾಗಲೂ ಕೆಂಪಾಗಿದ್ದರೆ ಹಸಿವು ಏರಿದ್ದು ಹೇಗೆ ಕಾಣುತ್ತದೆ, ಆಮೇಲೆ ಬಚ್ಚಿಡುವ ಪ್ರಶ್ನೆಯೇ ಬಿದ್ದುಹೋಗುತ್ತದಲ್ಲ ಅನ್ನೋದು ನನ್ನದು. ಸದ್ಯಕ್ಕೆ ಪಠ್ಯದಲ್ಲಿ ಕಪ್ಪು ಇದೆ, ಪಕ್ಕದ ಚಿತ್ರದಲ್ಲಿ ಕೆಂಪು ಇದೆ. ಮುದ್ರಣಕ್ಕೆ ಹೋಗುವ ಮೊದಲು ನಮ್ಮಲ್ಲಿ ಯಾರೋ ಒಬ್ಬರು ಸೋಲಬೇಕು, ಅದು ನಾನಾಗಿರಬಾರದು ಅಂತ ಇವತ್ತಿನ ಮೀಟಿಂಗ್‌ಗೆ ಪ್ಲೇಟೆಸ್ಟ್‌ನ ಟಿಪ್ಪಣಿಗಳನ್ನೆಲ್ಲ ಹೊತ್ತುಕೊಂಡು ಹೋಗುತ್ತಿದ್ದೇನೆ.